ಮದ್ಯವೆಂಬ ಮದ್ದು

ವ್ಯಸನಿಯು ಮಾದಕವಸ್ತುವಿನ ಮೊರೆಹೋಗುವುದು ಸುಖಕ್ಕಾಗಿ ಅಲ್ಲ, ತಾಳಲಾಗದ ಮನೋವೇದನೆಯನ್ನು ತಣಿಸಿಕೊಳ್ಳಲು ಎಂಬ ವಾದವನ್ನು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಮಂಡಿಸಿದಂದಿನಿಂದ, 'ಸ್ವಯಂ-ಚಿಕಿತ್ಸೆಯ ಊಹೆ' ಎಂಬ ಹೆಸರಿನ ಆ ವಾದ ಊಹೆಯ ಸ್ಥಾನದಿಂದ ಸಿದ್ಧಾಂತದ ಸ್ಥಾನಕ್ಕೆ ಸದ್ದಿಲ್ಲದೆ ಬಡ್ತಿ ಪಡೆದಿದೆ. ಕುಡುಕನೆಂದರೆ ನೀತಿಗೆಟ್ಟವನೆಂದು ಜರೆಯುವ ರೂಢಿಗೆ ಅದು ತಡೆಯೊಡ್ಡಿತೆಂಬುದನ್ನು ಒಪ್ಪಲೇಬೇಕು. ಆದರೆ ಮೂಲಲೇಖನದ ಶೀರ್ಷಿಕೆಯೇ ಹೆರಾಯಿನ್ ಮತ್ತು ಕೊಕೇನ್ ವ್ಯಸನಕ್ಕೆ ಒತ್ತುಕೊಟ್ಟಿದ್ದರೂ ಅದನ್ನು ಮದ್ಯ ಮತ್ತು ಆತಂಕಕ್ಕೆ ಹಿಗ್ಗಿಸಿದವರು ಶೀರ್ಷಿಕೆಯನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.

ವಾದದ ಗಂಟಿರುವುದು ಆಯ್ಕೆಯ ಪ್ರಶ್ನೆಯಲ್ಲಿ. ಯಾರು ಯಾವ ವಸ್ತುವಿಗೆ ಅಂಟಿಕೊಳ್ಳುತ್ತಾರೆಂಬುದು ಆಕಸ್ಮಿಕವಲ್ಲ, ಒಳಗಿನ ರೋಷವನ್ನು ಅಡಗಿಸಲು ಹೆರಾಯಿನ್, ಖಿನ್ನತೆಯಿಂದ ಮೇಲೇಳಲು ಕೊಕೇನ್ ಎಂದು ಖಾಂಟ್ಜಿಯನ್ ಹೇಳುವಾಗ ಅವರ ಮುಖ್ಯ ಆಧಾರ ಚಿಕಿತ್ಸೆಯ ವೇಳೆ ರೋಗಿಗಳು ಒಪ್ಪಿಸಿದ ಕಥನ. ವರ್ಷಗಟ್ಟಲೆ ಕುಡಿದವನ ಬೆಳಗನ್ನು ಹತ್ತಿರದಿಂದ ನೋಡಿದರೆ ಇಂಥ ಕಥನ ಎಷ್ಟು ನಂಬಲರ್ಹವೆಂಬುದು ತಿಳಿಯುತ್ತದೆ. ನಸುಕಿನಲ್ಲೇ ಎಚ್ಚರವಾಗುತ್ತದೆ, ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಏನೋ ಕೇಡು ಕಾದಿದೆಯೆಂಬ ದಿಗಿಲು ಹತ್ತುತ್ತದೆ, ಚಹದ ಲೋಟ ಹಿಡಿದ ಕೈ ನಡುಗಿ ತಟ್ಟೆಗೆ ಚೆಲ್ಲುತ್ತದೆ. ಒಂದು ಕ್ವಾರ್ಟರ್ ಒಳಗಿಳಿದರೆ ಎಲ್ಲವೂ ಹತೋಟಿಗೆ ಬರುತ್ತದೆ. 'ಟೆನ್ಷನ್‌ಗೆ ಕುಡಿಯುತ್ತೇನೆ' ಎಂದು ಅವನು ಹೇಳಿದರೆ ಅದು ಸುಳ್ಳಲ್ಲ, ಆದರೆ ಆ ಟೆನ್ಷನ್ನನ್ನು ತಯಾರಿಸಿದ್ದು ನಿನ್ನೆಯ ಕುಡಿತ. ಮದ್ಯವು ಮಿದುಳಿನಲ್ಲಿ ಗಾಬಾ ಎಂಬ ಶಾಮಕ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ ಗ್ಲುಟಮೇಟ್ ಎಂಬ ಉದ್ರೇಚಕದ ಪ್ರಭಾವವನ್ನು ತಗ್ಗಿಸುತ್ತದೆ. ನಿತ್ಯದ ಈ ಒತ್ತಡಕ್ಕೆ ಮಿದುಳು ಎದುರುಭಾರ ಹೂಡಿ ಹೊಂದಿಕೊಂಡಿರುವುದರಿಂದ ಮದ್ಯ ಇಳಿದೊಡನೆ ಎದುರುಭಾರ ಮಾತ್ರ ಉಳಿದು ಉದ್ರೇಕ ಚಿಮ್ಮುತ್ತದೆ. ವೈದ್ಯರು ವಿಡ್ರಾಯಲ್ ಎನ್ನುವ ಈ ಸ್ಥಿತಿಯನ್ನು ಲಕ್ಷಣಗಳ ಪಟ್ಟಿಯಿಂದಷ್ಟೇ ಆತಂಕದ ಕಾಯಿಲೆಯಿಂದ ಬೇರ್ಪಡಿಸುವುದು ಕಷ್ಟ.

ಬೇರ್ಪಡಿಸುವುದು ಕಾಲ. ಮಾರ್ಕ್ ಶುಕಿಟ್ ಮತ್ತು ಸಂಗಡಿಗರು ಮದ್ಯವ್ಯಸನಿಗಳಲ್ಲಿ ತೋರಿಸಿದಂತೆ, ದಾಖಲಾದಾಗ ಏರಿದ್ದ ಆತಂಕ ಕುಡಿತ ನಿಂತ ಕೆಲವೇ ವಾರಗಳಲ್ಲಿ ಬಹುಪಾಲು ತಾನಾಗಿ ಇಳಿಯುತ್ತದೆ. 1994ರ ಡಿಎಸ್‌ಎಂ-4 ಎಂಬ ಮನೋರೋಗ ನಿರ್ಣಯದ ಕೈಪಿಡಿಯೂ ಸುಮಾರು ಒಂದು ತಿಂಗಳು ಕಳೆದ ಮೇಲೂ ಉಳಿಯುವ ಆತಂಕವನ್ನು ಸ್ವತಂತ್ರ ಕಾಯಿಲೆಯ ಸೂಚನೆಯೆಂದು ಪರಿಗಣಿಸಿತು. ಈ ತಿಂಗಳ ಗಡುವನ್ನೇ ವೇದವಾಕ್ಯ ಮಾಡಿಕೊಂಡು, ಗಡುವು ಮುಗಿಯುವವರೆಗೆ ಆತಂಕದ ಮಾತೆತ್ತದ ಶುಕಿಟ್‌ವಾದಿಗಳ ಮಡಿವಂತಿಕೆಯೂ ಒಪ್ಪತಕ್ಕದ್ದಲ್ಲ. ಒಂದು ವಾರ ಬಿಡಲಾಗದೆ ಒದ್ದಾಡುವವನಿಗೆ ನಾಲ್ಕು ವಾರ ಬಿಟ್ಟು ಬಾ ಎನ್ನುವುದು ಈಜು ಕಲಿತ ಮೇಲೆ ನೀರಿಗಿಳಿ ಎಂದಂತೆ.

ಊಹೆಯ ಸಮರ್ಥಕರ ಕೊನೆಯ ಕೋಟೆ ಸಾಮಾಜಿಕ ಆತಂಕ, ಅಂದರೆ ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೇ ಅಂಜುವ ಕಾಯಿಲೆ. ಅದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಕುಡಿತಕ್ಕೆ ಮೊದಲೇ ಕಾಣಿಸಿಕೊಳ್ಳುವುದರಿಂದ ಇಲ್ಲಾದರೂ ಊಹೆ ಗೆಲ್ಲಬೇಕಿತ್ತು. ಆದರೆ ಕ್ಯಾರಿ ರಾಂಡಲ್ ತಂಡದ 2001ರ ಪ್ರಯೋಗದಲ್ಲಿ, ಮದ್ಯಕ್ಕಷ್ಟೇ ಚಿಕಿತ್ಸೆ ಪಡೆದವರಿಗಿಂತ ಆತಂಕಕ್ಕೂ ಜೊತೆಗೇ ಚಿಕಿತ್ಸೆ ಪಡೆದವರ ಕುಡಿತದ ಫಲಿತಾಂಶ ಕೆಟ್ಟದಾಗಿತ್ತು. ಎರಡೂ ಗುಂಪುಗಳಲ್ಲಿ ಆತಂಕ ಒಂದೇ ಸಮನೆ ಇಳಿದಿದ್ದರಿಂದ ಇದು ನಿರ್ಣಾಯಕವಲ್ಲವೆಂಬ ತಕರಾರಿಗೆ ಜಾಗವಿದೆ. ಅದೇ ಬಳಗದ 2008ರ ಪ್ರಯೋಗದಲ್ಲಾದರೋ ಪ್ಯಾರೊಕ್ಸೆಟಿನ್ ಗುಳಿಗೆ ಆತಂಕವನ್ನು ಇಳಿಸಿತು, ಜನರ ನಡುವೆ ಧೈರ್ಯಕ್ಕೆಂದು ಕುಡಿಯುವುದನ್ನೂ ತಗ್ಗಿಸಿತು, ಕುಡಿತದ ಒಟ್ಟು ಪ್ರಮಾಣವನ್ನು ಮಾತ್ರ ತಗ್ಗಿಸಲಿಲ್ಲ. ಕಾರಣ ಹೋದರೂ ಕುಡಿತ ಉಳಿಯಿತು.

ಖಾಂಟ್ಜಿಯನ್ 1997ರಲ್ಲಿ ಊಹೆಯನ್ನು ಮರುಪರಿಶೀಲಿಸಿದಾಗ ಒತ್ತು ಕಾಯಿಲೆಗಳಿಂದ ಒಟ್ಟಾರೆ ಸಂಕಟದ ಕಡೆಗೆ ಸರಿಯಿತು. ಯಾವ ವ್ಯಸನಿಗೆ ತಾನೆ ಸಂಕಟವಿಲ್ಲ? ಎಲ್ಲರಿಗೂ ಹೊಂದುವಂತೆ ಊಹೆಯನ್ನು ಹೀಗೆ ಸಡಿಲಿಸಿದ್ದರ ಬೆಲೆ ತೆರುವುದು ಔಷಧಿಚೀಟಿ. ಮದ್ಯದ ವಿಡ್ರಾಯಲ್‌ಗೆ ಡಯಾಜೆಪಾಮ್‌ನಂಥ ಗುಳಿಗೆಯನ್ನು ಕೆಲವು ದಿನ ಕೊಟ್ಟು ಇಳಿಸುತ್ತ ನಿಲ್ಲಿಸುವುದು ಸರಿಯಾದ ಕ್ರಮ. ಆತಂಕವೇ ಮೂಲವೆಂದು ನಂಬಿದ ವೈದ್ಯರ ಚೀಟಿಯಲ್ಲಾದರೆ, ಮದ್ಯದಂತೆ ಗಾಬಾದ ಮೂಲಕವೇ ಕೆಲಸ ಮಾಡುವ ಆಲ್‌ಪ್ರಜೋಲಾಮ್ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ, ನಿಲ್ಲಿಸುವ ದಿನಾಂಕ ಬರೆದಿರುವುದಿಲ್ಲ.