ಕೂಗುವ ಮೊದಲು ಗಾಳಿ ನೋಡಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕ್ಯಾನ್ಸಸ್‌ನ ಬಂದೂಕಿನಂಗಡಿಗಳಲ್ಲಿ ಜನ ತುಂಬುತ್ತಾರೆ. ಹೊಸ ದುರ್ಬೀನು, ಒಣಹುಲ್ಲಿನ ಬಣ್ಣದ ಅಂಗಿ, ಕಯೋಟಿಯನ್ನು ಕರೆಯಲು ಮೊಲದ ಚೀರಾಟ ತುಂಬಿಸಿಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ, ಎಲ್ಲವೂ ಖರ್ಚಾಗುತ್ತವೆ. ಕಯೋಟಿ ಬೇಟೆಗೆ ತಯಾರಿ ಎಂದರೆ ಇಷ್ಟೇ ಅಂದುಕೊಂಡವರು ಜನವರಿಯ ಹೊತ್ತಿಗೆ ‘ಈ ವರ್ಷ ಕಯೋಟಿಗಳೇ ಇಲ್ಲ’ ಎಂದು ಗೊಣಗುತ್ತಾರೆ. ಕಯೋಟಿಗಳು ಇರುತ್ತವೆ. ಬಂದು, ಇವರ ಬೆನ್ನ ಹಿಂದೆ ನಿಂತು, ವಾಸನೆ ಹಿಡಿದು, ಬಂದ ದಾರಿಯಲ್ಲೇ ಹೋಗಿರುತ್ತವೆ.

ಊರಿನಲ್ಲಿ ಕೂತು ಓದುವವರಿಗೆ ಪ್ರಾಣಿಯ ಪರಿಚಯ ಬೇಕು. ಕಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಬಯಲಿನ ಗಂಡು 15 ಕಿಲೋ ಆಸುಪಾಸು ತೂಗೀತು. ಇಲಿ, ಮೊಲ, ಉದುರಿದ ಹಣ್ಣು, ಸತ್ತ ದನ, ಸಿಕ್ಕರೆ ಎಳೆಗರು, ಏನಾದರೂ ಆದೀತು. ಬೋನು, ವಿಷ, ವಿಮಾನದಿಂದ ಗುಂಡು ಹೀಗೆ ಅಮೆರಿಕ ಇದರ ಮೇಲೆ ಹೂಡದ ಉಪಾಯವಿಲ್ಲ. ಸರ್ಕಾರಿ ಜಮೀನಿನಲ್ಲಿ ಹಿಂಸ್ರಪ್ರಾಣಿಗಳಿಗೆ ವಿಷವಿಡುವುದನ್ನು 1972ರಲ್ಲಿ ಅಧ್ಯಕ್ಷ ನಿಕ್ಸನ್ ನಿಲ್ಲಿಸಿದರು. ಅಷ್ಟರಲ್ಲಾಗಲೇ ಒಂದು ಕಾಲಕ್ಕೆ ಬಯಲು ಮರುಭೂಮಿಗಳಿಗೆ ಸೀಮಿತವಾಗಿದ್ದ ಪ್ರಾಣಿ ಪೂರ್ವದತ್ತ ಹೊರಟಿತ್ತು. ಇವತ್ತು ಹವಾಯಿಯೊಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ, ಷಿಕಾಗೊ ನಗರದೊಳಗೂ ಇದೆ. ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಬಾಗಿಲು ಮುಚ್ಚಿತು. ಹಾಗಾಗಿ ಅಮೆರಿಕದ ಮಾತು ಅಮೆರಿಕಕ್ಕೆ. ಊರಿನ ನರಿಯ ತಂಟೆ ಯಾರಿಗೂ ಬೇಡ.

ಕ್ಯಾನ್ಸಸ್‌ನಲ್ಲಿ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು, ಕೆಂಪು ನರಿಯಂಥ ತುಪ್ಪಳದ ಪ್ರಾಣಿಗಳಿಗೆ ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಕಟ್ಟುನಿಟ್ಟಿನ ಋತುವುಂಟು. ಅದಕ್ಕೆ ಬೇರೆ ಲೈಸೆನ್ಸು. ಬಾಬ್‌ಕ್ಯಾಟಿನ ತೊಗಲಿಗೆ ಸರ್ಕಾರಿ ಬಿಲ್ಲೆಯೂ ಬೇಕು. ಕಯೋಟಿಗೆ ಇದ್ಯಾವುದೂ ಇಲ್ಲ. ವರ್ಷವಿಡೀ ಹೊಡೆಯಬಹುದು, ಎಷ್ಟಾದರೂ ಹೊಡೆಯಬಹುದು. ಹೀಗಿರುವಾಗ ಋತುವನ್ನು ಬೇಟೆಗಾರನೇ ಗೊತ್ತುಮಾಡಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಅದು ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಅಕ್ಟೋಬರಿನ ತುಪ್ಪಳ ತೆಳು, ಹೊಡೆದರೆ ದಂಡ. ಚಳಿ ಕಚ್ಚಿದ ಮೇಲೆ ಅದು ದಟ್ಟವಾಗುತ್ತದೆ. ಫೆಬ್ರವರಿ ಜೊತೆಗೂಡುವ ಕಾಲ. ತುಪ್ಪಳವೂ ಅಲ್ಲಲ್ಲಿ ಸವೆಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಯಿ ಬಿದ್ದರೆ ಬಿಲದೊಳಗಿನ ಮರಿಗಳು ಹಸಿದು ಸಾಯುತ್ತವೆ. ಕರು ಹಾಕುವ ಕಾಲದಲ್ಲಿ ಕಾಟ ತಾಳಲಾರದ ರೈತ ಕರೆದರೆ ಹೋಗಬೇಕಾದೀತು, ಆದರೆ ಅದು ಕೆಲಸ, ಬೇಟೆಯ ಖುಷಿಗೆ ಸೇರಿದ್ದಲ್ಲ.

ಹೀಗೆ ಗೆರೆ ಹಾಕಿಕೊಂಡರೆ ಅಕ್ಟೋಬರ್ ಪೂರ್ತಿ ತಯಾರಿಗೆ ಸಿಗುತ್ತದೆ. ಮೊದಲ ಕೆಲಸ ಬೇರೆಯವರ ಮನೆ ಬಾಗಿಲು ತಟ್ಟುವುದು. ಈ ರಾಜ್ಯದ ನೆಲವೆಲ್ಲ ಹೆಚ್ಚುಕಡಿಮೆ ಖಾಸಗಿ. 1995ರಿಂದ ಸರ್ಕಾರವೇ ರೈತರ ಜಮೀನು ಗುತ್ತಿಗೆ ಹಿಡಿದು ಬೇಟೆಗಾರರಿಗೆ ಬಿಡುತ್ತಿದೆಯಾದರೂ ಅಲ್ಲಿ ಎಲ್ಲರೂ ಕೂಗಿ ಕೂಗಿ ಕಯೋಟಿಗಳು ಪಾಠ ಕಲಿತಿರುತ್ತವೆ. ರೈತರ ಹತ್ತಿರ ಹೋಗುವುದಾದರೆ ಹಗಲಲ್ಲಿ, ಸಾಧಾರಣ ಬಟ್ಟೆಯಲ್ಲಿ, ಕೊಯ್ಲಿನ ಯಂತ್ರ ಓಡದಿರುವ ಹೊತ್ತು ನೋಡಿ ಹೋಗಿ. ದನ ಯಾವ ಕಡೆ ಮೇಯುತ್ತವೆ, ಮನೆ ನಾಯಿ ಎಷ್ಟು ದೂರ ಅಲೆಯುತ್ತದೆ, ಜಿಂಕೆ ಬೇಟೆಗೆ ಯಾರಿಗೆ ಅನುಮತಿ ಕೊಟ್ಟಿದ್ದಾರೆ ಎಂದು ಕೇಳಿಕೊಳ್ಳಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಬನ್ನಿ. ಮರುವರ್ಷ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಈ ಗೇಟೇ ತೀರ್ಮಾನಿಸುತ್ತದೆ.

ಎರಡನೆಯದು ಜಾಡು ನೋಡುವುದು. ಮಣ್ಣುರಸ್ತೆ ಕೂಡುವ ಕಡೆ ಹಿಕ್ಕೆ ಹುಡುಕಿ. ಮೊಲದ ಕೂದಲೋ ಹಣ್ಣಿನ ಬೀಜವೋ ಅದರಲ್ಲಿರುತ್ತದೆ. ಸಂಜೆ ದಿಬ್ಬದ ಕೆಳಗೆ ಗಾಡಿ ನಿಲ್ಲಿಸಿ ಊಳಿಡುವ ದಿಕ್ಕು ಗುರುತು ಮಾಡಿಕೊಳ್ಳಿ. ಆದರೆ ನೀವು ಕೂಗಬೇಡಿ. ಆ ವರ್ಷದ ಮರಿಗಳು ತಾಯಿಯ ಸೀಮೆ ಬಿಟ್ಟು ಗೊತ್ತಿಲ್ಲದ ನೆಲದಲ್ಲಿ ಅಲೆಯುವ ಕಾಲವದು. ಯಾವ ಸದ್ದಿಗೂ ಓಡಿಬರುತ್ತವೆ. ಪರೀಕ್ಷೆಗೆಂದು ಕೂಗಿ ಮನುಷ್ಯನ ಮುಖ ತೋರಿಸಿದರೆ ಡಿಸೆಂಬರಿನಲ್ಲಿ ಅದೇ ಸದ್ದಿಗೆ ಅವು ದೂರ ಓಡುತ್ತವೆ.

ಇನ್ನು ಗಾಳಿ. ಕಯೋಟಿ ಕಿವಿಯಿಂದ ದಿಕ್ಕು ಹಿಡಿಯುತ್ತದೆ, ಮೂಗಿನಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಸದ್ದಿನ ಕಡೆ ನೇರ ಬರುವುದಕ್ಕಿಂತ ಸುತ್ತು ಹಾಕಿ ಗಾಳಿ ಸಾಗುವ ಕಡೆಯಿಂದ ಬರುವುದೇ ಹೆಚ್ಚು. ಆದ್ದರಿಂದ ಗಾಳಿ ಅಡ್ಡ ಬೀಸುವಂತೆ ಕೂರಬೇಕು. ವಾಸನೆ ಹಿಡಿಯಲು ಅದು ದಾಟಬೇಕಾದ ಬಯಲು ಕಣ್ಣಿಗೆ ಬಿಚ್ಚಿಕೊಂಡಿರಬೇಕು. ಸದ್ದಿನ ಪೆಟ್ಟಿಗೆಯನ್ನು ಗಾಳಿ ಬರುವ ಕಡೆಗೆ ಐವತ್ತು ಹೆಜ್ಜೆ ದೂರ ಇಟ್ಟರೆ, ಅದರ ವಾಸನೆ ಹಿಡಿಯಲು ಸುತ್ತುವ ಕಯೋಟಿ ನಿಮ್ಮೆದುರೇ ಹಾಯುತ್ತದೆ. ಸೂರ್ಯ ಬೆನ್ನಿಗಿರಲಿ, ದಿಬ್ಬದ ನೆತ್ತಿ ಏರಿ ನಡೆಯಬೇಡಿ. ಪ್ರತಿ ಜಮೀನಿನಲ್ಲೂ ಉತ್ತರದ ಗಾಳಿಗೊಂದು, ದಕ್ಷಿಣದ ಗಾಳಿಗೊಂದು ಜಾಗ ಈಗಲೇ ಗೊತ್ತುಮಾಡಿಟ್ಟುಕೊಳ್ಳಿ. ಎರಡಕ್ಕೂ ಹೊಂದದ ಗಾಳಿಯ ದಿನ ಆ ಜಮೀನಿಗೆ ಕಾಲಿಡಬೇಡಿ.

ಕೂಗಿ ಕರೆಯುವ ವಿದ್ಯೆ ಹಳೆಯದು. 1950ರ ದಶಕದಲ್ಲಿ ಟೆಕ್ಸಾಸ್‌ನ ಮಾರ್ಬಲ್ ಫಾಲ್ಸ್‌ನ ಬರ್ನಹ್ಯಾಮ್ ಸಹೋದರರು ಮೊಲದ ಚೀರಾಟದ ಪೀಪಿಗಳನ್ನು ಅಂಚೆಯಲ್ಲಿ ಮಾರಿ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಅವರ ತಂದೆ ಬರಿ ತುಟಿಯಿಂದಲೇ ಮೊಲದಂತೆ ಕೂಗುತ್ತಿದ್ದರು. ತೇಜಸ್ವಿಯವರ ಕನ್ನಡದಲ್ಲಿ ಬೇಟೆಗಾರ ಕೆನೆತ್ ಆಂಡರ್ಸನ್ನನನ್ನು ಓದಿದವರಿಗೆ ಈ ಬಗೆ ಹೊಸದೆನಿಸಲಾರದು. ಜವಳಗಿರಿಯ ಹೆಣ್ಣು ಹುಲಿಯನ್ನು ಆತ ಗಂಡು ಹುಲಿಯಂತೆ ಕೂಗಿಯೇ ಕರೆತಂದಿದ್ದ. ಪೆಟ್ಟಿಗೆ ಎಷ್ಟೇ ಸಲೀಸಾದರೂ ಬಾಯಿಂದ ಊದುವ ಪೀಪಿಯೊಂದು ಜೇಬಿನಲ್ಲಿರಲಿ, ಅದೂ ಒಳಜೇಬಿನಲ್ಲಿ. ಹೊರಗಿಟ್ಟರೆ ಉಸಿರಿನ ತೇವ ಹೆಪ್ಪುಗಟ್ಟಿ ಪೀಪಿಯ ನಾಲಗೆ ಅಂಟಿಕೊಳ್ಳುತ್ತದೆ. ಮೊದಲ ಕೂಗು ಮೆಲ್ಲಗಿರಲಿ, ಕಯೋಟಿ ಪಕ್ಕದ ಹಳ್ಳದಲ್ಲೇ ಮಲಗಿರಬಹುದು. ಇಪ್ಪತ್ತು ನಿಮಿಷಕ್ಕೆ ಬಾರದಿದ್ದರೆ ಜಾಗ ಬದಲಿಸಿ. ಬಾಬ್‌ಕ್ಯಾಟಿಗೆ ಮಾತ್ರ ಅದರ ಎರಡರಷ್ಟು ತಾಳ್ಮೆ ಬೇಕು. ಬೆಕ್ಕಿನ ಜಾತಿ ಕೂತು, ನೋಡಿ, ಮತ್ತೆ ಕೂತು ಬರುತ್ತದೆ.

ಬಂದೂಕಿನ ವಿಷಯ ಚುಟುಕು. .223 ರೆಮಿಂಗ್ಟನ್ ಸಾಕು; ತೊಗಲೂ ಅಷ್ಟಾಗಿ ಹಾಳಾಗುವುದಿಲ್ಲ. ಚಳಿಯಲ್ಲಿ ತೊಡುವ ದಪ್ಪ ಕೋಟು, ಕೈಗವಸುಗಳನ್ನು ಹಾಕಿಕೊಂಡೇ, ನೆಲದಲ್ಲಿ ಕೂತು, ಕವೆಗೋಲಿನ ಮೇಲಿಟ್ಟು ಗುರಿ ಪರೀಕ್ಷಿಸಿ. ಅಂಗಿ ತೋಳಿನಲ್ಲಿ ಮೇಜಿನ ಮೇಲಿಟ್ಟು ಹೊಡೆದ ಗುರಿ ಬಯಲಲ್ಲಿ ಕೈಕೊಡುತ್ತದೆ. ಅರೆಬೆಳಕಿನಲ್ಲಿ ಅಲ್ಸೇಶನ್ ಜಾತಿಯ ನಾಯಿಯೂ ಕಯೋಟಿಯಂತೆ ಕಾಣುತ್ತದೆ. ಅನುಮಾನವಿದ್ದರೆ ಕುದುರೆಯಿಂದ ಬೆರಳು ತೆಗೆಯಿರಿ. ನಿಮ್ಮ ಮೊಲದ ಕೂಗಿಗೆ ಇನ್ನೊಬ್ಬ ಬೇಟೆಗಾರನೂ ಬಂದಾನು. ಅವನಿಗೆ ಕೈ ಬೀಸಬೇಡಿ, ಬಾಯಿಬಿಟ್ಟು ಕೂಗಿ ಹೇಳಿ.

ಒಂದು ತಕರಾರಿನ ಮಾತು. ಯಾರು ಹೆಚ್ಚು ಹೊಡೆದರೋ ಅವರಿಗೆ ಬಹುಮಾನ ಎಂಬ ಕಯೋಟಿ ಪಂದ್ಯಗಳು ಹಲವು ಕಡೆ ಈಗಲೂ ನಡೆಯುತ್ತವೆ. ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂ ಮೆಕ್ಸಿಕೊ 2019ರಲ್ಲಿ ಅವಕ್ಕೆ ತಡೆ ಹಾಕಿದವು. ಬೇಟೆಯ ವಿರೋಧಿಗಳು ಗೆದ್ದರೆಂದು ಕೆಲವು ಗೆಳೆಯರು ಸಿಡಿಮಿಡಿಗೊಂಡರು. ನನಗೆ ಹಾಗನ್ನಿಸಲಿಲ್ಲ. ಹೆಣಗಳ ರಾಶಿ ಹಾಕಿ ಫೋಟೊ ತೆಗೆಸಿಕೊಂಡವರೇ ಈ ಕಾಯ್ದೆಗಳನ್ನು ಬರೆಸಿದರು. ನಮ್ಮ ಗೆರೆಯನ್ನು ನಾವೇ ಎಳೆದುಕೊಳ್ಳದಿದ್ದರೆ ಬೇಟೆಯ ಗಂಧವಿಲ್ಲದವರು ಬಂದು ಎಳೆಯುತ್ತಾರೆ, ಆಮೇಲೆ ಗೊಣಗುವ ಹಕ್ಕು ನಮಗಿರುವುದಿಲ್ಲ.

ಹಾಗಾಗಿ ಈ ವಾರಾಂತ್ಯ ಅಂಗಡಿಗೆ ಹೋಗುವ ಬದಲು ಪರಿಚಯದ ರೈತರೊಬ್ಬರ ಮನೆಗೆ ಹೋಗಿ ಬನ್ನಿ. ಪೆಟ್ಟಿಗೆಯ ಬ್ಯಾಟರಿ ಡಿಸೆಂಬರಿನಲ್ಲೂ ಸಿಗುತ್ತದೆ; ಅಷ್ಟು ಹೊತ್ತಿಗೆ ಒಳ್ಳೆಯ ಜಮೀನಿನ ಅನುಮತಿ ಬೇರೆಯವರ ಪಾಲಾಗಿರುತ್ತದೆ.