ಐದು ವರ್ಷದ ಡೇಟಾ, ಆಯುಷ್ಯಪೂರ್ತಿ ಉಳಿಯುವ ಮಣಿ

ಪಾಡ್‌ಕಾಸ್ಟ್‌ನಲ್ಲಿ ಐದೇ ನಿಮಿಷದಲ್ಲಿ ಮುಗಿಸಿದ್ದ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೀತಿದ್ದೇನೆ.

ನ್ಯೂಜೆರ್ಸಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ಈಗ 46. ಒಂದು ಕ್ಲಿನಿಕ್‌ನ ಬ್ರೋಶರ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದಳು. ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆಗಳನ್ನು ತುಂಬುವ ಇಂಜೆಕ್ಷನ್, ಅಂದ್ರೆ ಫಿಲ್ಲರ್. "ಇದು ಐದು ವರ್ಷ ಬರುತ್ತಂತೆ ಕಣೋ, ಪದೇ ಪದೇ ಚುಚ್ಚಿಸ್ಕೊಳ್ಳೋ ಗೋಳಿಲ್ಲ. ನೀನು ಡೇಟಾ ನೋಡೋನಲ್ವಾ, ನೋಡಿ ಹೇಳು" ಅಂದಳು.

ಅವಳಿಗೆ ಫಿಲ್ಲರ್ ಯಾಕೆ ಬೇಕು ಅಂತ ನಾನು ಕೇಳಲಿಲ್ಲ. ಮೀಟಿಂಗ್‌ನಲ್ಲಿ ದಿನಕ್ಕೆ ಆರು ಗಂಟೆ ತನ್ನದೇ ಮುಖವನ್ನು ಸ್ಕ್ರೀನ್ ಮೇಲೆ ನೋಡೋಳು ಅವಳು. ನನ್ನ ತಕರಾರು ಇರೋದು "ಐದು ವರ್ಷ" ಅನ್ನೋ ಆ ಎರಡು ಪದಗಳ ಬಗ್ಗೆ.

ಬ್ರೋಶರ್‌ನಲ್ಲಿದ್ದದ್ದು ಬೆಲ್ಲಾಫಿಲ್. ಮೊದಲ ಹೆಸರು ಆರ್ಟೆಫಿಲ್. ಅಮೆರಿಕದ ಎಫ್‌ಡಿಎ ಇದಕ್ಕೆ 2006ರಲ್ಲಿ ಅನುಮತಿ ಕೊಟ್ಟಿತು. ಹಸುವಿನ ಕೊಲಾಜೆನ್ ಜೆಲ್‌ನಲ್ಲಿ ಪಿಎಂಎಂಎ ಅನ್ನೋ ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಮಣಿಗಳು. ನಮ್ಮ ಅಜ್ಜ ಅಜ್ಜಿಯರಿಗೆ ಕಣ್ಣಿನ ಪೊರೆ ಆಪರೇಷನ್ ಮಾಡಿ ಒಳಗೆ ಇಡುತ್ತಿದ್ದ ಲೆನ್ಸ್ ಕೂಡ ಇದೇ ವಸ್ತುವಿನದು. ಕೊಲಾಜೆನ್ ಕೆಲವು ತಿಂಗಳಲ್ಲಿ ಕರಗುತ್ತೆ. ಸುಮಾರು 30ರಿಂದ 50 ಮೈಕ್ರಾನ್ ಅಳತೆಯ ಮಣಿಗಳನ್ನು ಮಾತ್ರ ದೇಹದ ಕಸ ತಿನ್ನುವ ಕೋಶಗಳಿಗೆ ನುಂಗೋಕೆ ಆಗಲ್ಲ. ಆಗ ದೇಹ ಅವುಗಳ ಸುತ್ತ ತನ್ನದೇ ಕೊಲಾಜೆನ್ ಹೆಣೆದು ಸುಮ್ಮನಾಗುತ್ತೆ. ಗೆರೆ ತುಂಬಿದ ಹಾಗೆ ಕಾಣೋದು ಹೀಗೆ.

ಅಂದ್ರೆ ಮಣಿಗಳು ಐದು ವರ್ಷಕ್ಕೆ ಎದ್ದು ಹೋಗಲ್ಲ, ಅಲ್ಲೇ ಇರುತ್ತವೆ. ಐದು ವರ್ಷ ಅನ್ನೋದು ಅಧ್ಯಯನದ ಅವಧಿ. 1,008 ಜನರನ್ನು ಐದು ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನ ಅದು. ನ್ಯಾಯವಾಗಿ ಹೇಳಬೇಕಂದ್ರೆ, ಸೌಂದರ್ಯ ಚಿಕಿತ್ಸೆಯ ಲೋಕದಲ್ಲಿ ಇಷ್ಟು ಜನರನ್ನು ಇಷ್ಟು ಕಾಲ ನೋಡಿದ್ದೇ ಅಪರೂಪ. ಬಹುಪಾಲು ಜನ ತೃಪ್ತರಾಗಿದ್ದರು. 1.7% ಜನರಲ್ಲಿ ಗ್ರಾನ್ಯುಲೋಮಾ, ಅಂದ್ರೆ ಚರ್ಮದಡಿ ಉರಿಯೂತದ ಗಂಟುಗಳು, ಕಾಣಿಸಿಕೊಂಡವು. ಸುಮಾರು 60 ಜನರಲ್ಲಿ ಒಬ್ಬರಿಗೆ.

ಈಗ ನನ್ನ ಕಸುಬಿನ ಕಣ್ಣಿಂದ ನೋಡಿ. ಕೊನೆವರೆಗೂ ಉಳಿದವರು ಸುಮಾರು 87%. ಮಿಕ್ಕವರಿಗೆ ಏನಾಯ್ತು ಅನ್ನೋದು ಆ 1.7%ರಲ್ಲಿ ಪೂರ್ತಿ ಇಲ್ಲ. ಇನ್ನೊಂದು, ಇಂಥ ಗಂಟುಗಳು ಇಂಜೆಕ್ಷನ್ ಆಗಿ ವರ್ಷಗಳ ಮೇಲೂ ಏಳಬಹುದು. ಅಕ್ಕ 80 ವರ್ಷ ಬದುಕಿದರೆ ಮಣಿಗಳು ಅವಳ ಜೊತೆ 34 ವರ್ಷ ಇರುತ್ತವೆ. ಈ ಅಧ್ಯಯನ ನೋಡಿದ್ದು ಮೊದಲ ಐದನ್ನು.

ಅಷ್ಟರಲ್ಲಿ ಮುಖವೂ ಸುಮ್ಮನೆ ಕೂತಿರಲ್ಲ. ವಯಸ್ಸಾದಂತೆ ಕಣ್ಣಿನ ಗೂಡು ಅಗಲವಾಗುತ್ತೆ, ಮೇಲ್ದವಡೆಯ ಮೂಳೆ ಹಿಂದೆ ಸರಿಯುತ್ತೆ, ಕೊಬ್ಬು ಕರಗುತ್ತೆ, ಚರ್ಮ ತೆಳುವಾಗುತ್ತೆ. 46ರ ಕೆನ್ನೆಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯನ್ನು 70ರಲ್ಲೂ ಬಿಚ್ಚೋ ಹಾಗಿಲ್ಲ ಅಂದ್ರೆ ಹೇಗೆ?

ಹಾಗಂತ "ತಾತ್ಕಾಲಿಕ" ಅನ್ನೋ ಲೇಬಲ್ ಕೂಡ ಪೂರಾ ನಿಜ ಅಲ್ಲ. ಹೈಲುರಾನಿಕ್ ಆಸಿಡ್ ಫಿಲ್ಲರ್ ಆರು ತಿಂಗಳಿಂದ ಒಂದೂವರೆ ವರ್ಷ ಅಂತ ಸಾಮಾನ್ಯವಾಗಿ ಹೇಳ್ತಾರೆ. ಎಂಆರ್‌ಐ ಮಾಡಿ ನೋಡಿದಾಗ ಎಷ್ಟೋ ವರ್ಷಗಳ ನಂತರವೂ ಅದು ಮುಖದಲ್ಲಿ ಉಳಿದಿರೋದು ಕಂಡಿದೆ. ಎರಡೂ ಕಡೆ ಡಬ್ಬಿ ಮೇಲಿನ ಕಾಲಾವಧಿ ಹೇಳೋದು ಬೇರೆ, ನಾವು ಅರ್ಥ ಮಾಡ್ಕೊಳ್ಳೋದು ಬೇರೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಹೈಲುರಾನಿಕ್ ಆಸಿಡ್ ತೊಂದರೆ ಕೊಟ್ಟರೆ ಹೈಲುರಾನಿಡೇಸ್ ಅನ್ನೋ ಕಿಣ್ವ ಚುಚ್ಚಿ ಕರಗಿಸಬಹುದು. ಯಾವ ಫಿಲ್ಲರ್ ಆದರೂ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಆ ಹೊತ್ತಿನಲ್ಲಿ ಕರಗಿಸೋ ಮದ್ದು ಇರೋದು ಮುಖ್ಯ. ಪಿಎಂಎಂಎ ಮಣಿಗೆ ಅಂಥ ಮದ್ದಿಲ್ಲ. ಗಂಟಾದರೆ ಸ್ಟೀರಾಯ್ಡ್ ಚುಚ್ಚಬೇಕು, ಬಗ್ಗದಿದ್ದರೆ ಕತ್ತರಿಸಿ ತೆಗೀಬೇಕು, ಅದೂ ಮುಖದಲ್ಲಿ.

"ಹಾಗಾದ್ರೆ ಬೇಡ ಅಂತೀಯಾ?" ಅಂತ ಅಕ್ಕ ಕೇಳಿದಳು. ಬೇಡ ಅನ್ನೋಕೆ ನಾನು ಡಾಕ್ಟರೂ ಅಲ್ಲ, ಮುಖ ನನ್ನದೂ ಅಲ್ಲ. "ಎಷ್ಟು ವರ್ಷ ಬರುತ್ತೆ ಅಂತ ಕೇಳೋದು ಬಿಡು ಅಕ್ಕ, ನನಗೆ ಬೇಡ ಅನ್ನಿಸಿದ ದಿನ ಹೇಗೆ ತೆಗೀತೀರಿ ಅಂತ ಕೇಳು" ಅಂದೆ.

ಕೇಳಿದಳಂತೆ. "ಹಾಗಾಗೋದು ತುಂಬಾ ಅಪರೂಪ" ಅಂತ ಉತ್ತರ ಬಂತಂತೆ. ಓದುಗರೇ, ಅವಳು ಕೇಳಿದ್ದು ಎಷ್ಟು ಜನರಿಗೆ ಹಾಗಾಗುತ್ತೆ ಅಂತ ಅಲ್ಲ. ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿಸಿಕೊಂಡು ಮನೆಗೆ ಬಂದಿದ್ದಾಳೆ.