ಹಂಗಿನ ಮನೆಗಳು

ಉಪಕಾರ ಪಡೆದವರು ಉಪಕಾರಿಯ ವಿಷಯದಲ್ಲಿ ನಿಜವನ್ನು ಬರೆಯಬಹುದೇ? ಲೋರ್ ಸೆಗಲ್ ಅವರ ‘ಅದರ್ ಪೀಪಲ್ಸ್ ಹೌಸಸ್’ ಕಾದಂಬರಿಯನ್ನು ಕುರಿತು ಓದುಗರ ಕೂಟವೊಂದರಲ್ಲಿ ನಾನು ಮಾತನಾಡಿದಾಗ ಹಿರಿಯರೊಬ್ಬರು ತುಸು ಖಾರವಾಗಿಯೇ ಈ ಪ್ರಶ್ನೆ ಹಾಕಿದರು. ಪ್ರಾಣ ಉಳಿಸಿದವರ ಮನೆಯ ಹುಳುಕನ್ನು ಎಣಿಸುವುದು ಕೃತಘ್ನತೆಯಲ್ಲವೇ, ಎಂದರು. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

1938ರ ನವೆಂಬರಿನಲ್ಲಿ ಜರ್ಮನಿ, ಆಸ್ಟ್ರಿಯಗಳ ಯೆಹೂದ್ಯರ ಮನೆ, ಅಂಗಡಿ, ಪ್ರಾರ್ಥನಾಮಂದಿರಗಳ ಮೇಲೆ ನಾಜಿಗಳ ದಾಳಿ ನಡೆಯಿತು. ಆ ಬಳಿಕ ಬ್ರಿಟನ್ ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲು ಒಪ್ಪಿತು; ಹೆತ್ತವರಿಗೆ ಆ ಅವಕಾಶವಿರಲಿಲ್ಲ. 1939ರಲ್ಲಿ ಯುದ್ಧ ಆರಂಭವಾಗುವ ಹೊತ್ತಿಗೆ ಸುಮಾರು 10,000 ಮಕ್ಕಳು ಹೀಗೆ ಒಂಟಿಯಾಗಿ ಬಂದಿದ್ದರು. ಅವರಲ್ಲಿ ಬಹುಮಂದಿ ತಂದೆತಾಯಿಯರನ್ನು ಮತ್ತೆ ಕಾಣಲಿಲ್ಲ. ವಿಯೆನ್ನಾದಿಂದ ಹೊರಟ ಲೋರ್‌ಗೆ ಆಗ ಹತ್ತು ವರ್ಷ. ಆ ಬಾಲ್ಯವೇ 1964ರಲ್ಲಿ ಪ್ರಕಟವಾದ ಈ ಕಾದಂಬರಿಯ ವಸ್ತು.

ಮಕ್ಕಳು ಬಂದಿಳಿದದ್ದು ಹಾರಿಚ್ ಬಂದರಿನ ಬಳಿಯ ಒಂದು ಬೇಸಗೆಯ ವಿಹಾರ ಶಿಬಿರಕ್ಕೆ, ಕೊರೆಯುವ ಡಿಸೆಂಬರ್ ಚಳಿಯಲ್ಲಿ. ಸಾಕಲು ಮನಸ್ಸಿದ್ದ ಜನ ಅಲ್ಲಿಗೆ ಬಂದು ಮಕ್ಕಳನ್ನು ನೋಡಿ ಆರಿಸಿಕೊಂಡು ಹೋಗುತ್ತಿದ್ದರು. ಇಷ್ಟನ್ನೇ ಹಿಡಿದು ಇನ್ನೊಬ್ಬ ಲೇಖಕರು ನಮ್ಮಿಂದ ಕಣ್ಣೀರು ಹಿಂಡಬಹುದಿತ್ತು. ಸೆಗಲ್ ಅವರ ಗಮನವಿರುವುದು ಒಂದು ಸಾಸೇಜಿನ ಮೇಲೆ. ತಾನೇ ಆಸೆಪಟ್ಟು ತಾಯಿಯಿಂದ ಕೊಡಿಸಿಕೊಂಡಿದ್ದ ಆ ಮಾಂಸದ ತುಂಡನ್ನು ಹುಡುಗಿ ತಿನ್ನಲಾರಳು, ಎಸೆಯಲಾರಳು. ಬಚ್ಚಿಟ್ಟಳು, ಅದು ಕೊಳೆತು ನಾರತೊಡಗಿತು. ನಾತ ಎಲ್ಲಿಂದ ಎಂದು ಸುತ್ತಲಿನವರು ಕೇಳುವಾಗ ಅವಳಿಗಾಗುವ ನಾಚಿಕೆಯಿದೆಯಲ್ಲ, ಅದರಲ್ಲಿ ತಾಯಿಯನ್ನು ಬಿಟ್ಟುಬಂದ ಅಪರಾಧವೆಲ್ಲ ಅಡಗಿದೆ. ಲೇಖಕಿ ಅದನ್ನು ಬಿಡಿಸಿ ಹೇಳುವುದಿಲ್ಲ.

ಮುಂದೆ ಮನೆಯಿಂದ ಮನೆಗೆ. ಲಿವರ್‌ಪೂಲಿನ ಅನುಕೂಲಸ್ಥ ಯೆಹೂದ್ಯರು, ರೈಲ್ವೆ ಎಂಜಿನ್ನಿಗೆ ಕಲ್ಲಿದ್ದಲು ತುಂಬುವವನು, ಹಾಲಿನವನು, ಕೊನೆಗೆ ಹಳೆಯ ಕಾಲದ ಶಿಷ್ಟಾಚಾರದ ವೃದ್ಧ ಮಹಿಳೆಯರು. ಇವರಲ್ಲಿ ದುಷ್ಟರಿಲ್ಲ. ಇವರು ಕೊಟ್ಟದ್ದು ನಿಜವಾದ ಹಾಸಿಗೆ, ನಿಜವಾದ ಊಟ. ಆದರೆ ಲಿವರ್‌ಪೂಲಿನ ಮನೆಯವರು ಕೇಳುವ ಪ್ರಶ್ನೆಗಳಿಂದಲೇ ಹುಡುಗಿಗೆ ತಿಳಿಯುತ್ತದೆ, ವಿಯೆನ್ನಾದಲ್ಲಿ ನಡೆದದ್ದು ಇವರಿಗೆ ಅರ್ಥವಾಗಿಲ್ಲವೆಂದು. ಅವರಿಗಾಗಿ ಜರ್ಮನ್ ಭಾಷೆಯಲ್ಲಿ ಒಂದು ನೋಟುಬುಕ್ಕು ತುಂಬ ಬರೆಯುತ್ತಾಳೆ. ಅವಳ ಪತ್ರಗಳ ಫಲವಾಗಿ ಹೆತ್ತವರಿಗೂ ಪರವಾನಗಿ ಸಿಗುತ್ತದೆ, ಮನೆಗೆಲಸದವರಾಗಿ! ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಿದ್ದ ತಂದೆ ಬಟ್ಲರ್, ತಾಯಿ ಅಡುಗೆಯವಳು. ಮಗಳು ಒಂದು ಮನೆಯಲ್ಲಿ ಅತಿಥಿ, ಹೆತ್ತವರು ಇನ್ನೊಂದು ಮನೆಯಲ್ಲಿ ಆಳುಗಳು. ಇಂಗ್ಲಿಷರ ಅಂತಸ್ತಿನ ಮೆಟ್ಟಿಲುಗಳನ್ನು ಈ ಪುಟಗಳು ತೋರಿಸುವಷ್ಟು ನಿಚ್ಚಳವಾಗಿ ತೋರಿಸಿದ ಕೃತಿಗಳನ್ನು ನಾನು ಹೆಚ್ಚು ಕಂಡಿಲ್ಲ.

ಹಿರಿಯರ ಆಕ್ಷೇಪಣೆಗೆ ಬರುತ್ತೇನೆ. ಈ ಕಾದಂಬರಿಯಲ್ಲಿ ಅತ್ಯಂತ ನಿಷ್ಠುರವಾಗಿ ಕಾಣಿಸಲ್ಪಟ್ಟವಳು ಯಾರು? ಸಾಕಿದ ಗೃಹಿಣಿಯರಲ್ಲ; ಆ ಹುಡುಗಿಯೇ. ಮುನಿಸು, ಠಕ್ಕು, ಪ್ರೀತಿಗೆ ಪ್ರತಿಯಾಗಿ ಪ್ರೀತಿ ಹುಟ್ಟದ ಮನಸ್ಸು, ಯಾವುದನ್ನೂ ಸೆಗಲ್ ಮರೆಮಾಚುವುದಿಲ್ಲ. ತನಗೆ ರಿಯಾಯಿತಿ ಕೊಟ್ಟುಕೊಳ್ಳದವರು ಇತರರನ್ನು ಅಳೆದರೆ ಅದನ್ನು ಕೃತಘ್ನತೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ನನ್ನ ತಂದೆ ಮೈಸೂರಿನಲ್ಲಿ ವಾರಾನ್ನದ ಮೇಲೆ ಓದಿದವರು. ಗುರುವಾರದ ಮನೆಯ ಮಾತು ಬಂದರೆ ಕೈ ಮುಗಿಯುತ್ತಿದ್ದರು. ಅದೇ ಮನೆಯಲ್ಲಿ ಎರಡನೆಯ ಸಲ ಸಾರು ಕೇಳಲು ಬಾಯಿ ಬರುತ್ತಿರಲಿಲ್ಲವೆಂದು ಒಮ್ಮೆ, ಒಮ್ಮೆ ಮಾತ್ರ, ಹೇಳಿದರು. ಎರಡೂ ನಿಜ. ಅವರಿಗಾದರೋ ದಸರೆಯ ರಜಕ್ಕೆ ಹೋಗಲು ಊರಿತ್ತು. ಸೆಗಲ್ ಅವರಿಗೆ ಅದೂ ಇರಲಿಲ್ಲ.

ಇದೇ ವಸ್ತುವನ್ನು ಡಯೇನ್ ಸ್ಯಾಮ್ಯುಯೆಲ್ಸ್ 1993ರಲ್ಲಿ ‘ಕಿಂಡರ್‌ಟ್ರಾನ್ಸ್‌ಪೋರ್ಟ್’ ಎಂಬ ನಾಟಕವಾಗಿಸಿದ್ದಾರೆ. ಅಲ್ಲಿ ಯುದ್ಧ ಮುಗಿದು ತಾಯಿ ಬದುಕಿ ಬಂದಾಗ, ಇಂಗ್ಲಿಷಳಾಗಿಬಿಟ್ಟ ಮಗಳು ಅವಳೊಡನೆ ಹೋಗಲೊಲ್ಲಳು. ರಂಗದ ಮೇಲೆ ಪ್ರಬಲವಾದ ಸನ್ನಿವೇಶ, ಸಂಶಯವಿಲ್ಲ. ಆದರೆ ಹಂಗು ಬೆಳೆಯುವುದು ಅಂಥ ಒಂದು ಗಳಿಗೆಯಲ್ಲಿ ಅಲ್ಲ, ದಿನನಿತ್ಯದ ತಟ್ಟೆ ಲೋಟಗಳ ನಡುವೆ. ಅದಕ್ಕೆ ಕಾದಂಬರಿಯ ಸಾವಧಾನವೇ ಬೇಕು.

ಸೆಗಲ್ ಅವರ ಕಥೆ ಇಂಗ್ಲೆಂಡನ್ನು ಬಿಟ್ಟು ಡೊಮಿನಿಕನ್ ಗಣರಾಜ್ಯಕ್ಕೂ ನ್ಯೂಯಾರ್ಕಿಗೂ ಸಾಗಿದ ಮೇಲೆ ಬಿಗಿ ಕಳೆದುಕೊಳ್ಳುತ್ತದೆ. ಪರರ ಮನೆ ಇಲ್ಲದಲ್ಲಿ ಅವರ ಕಣ್ಣಿನ ಚುರುಕೂ ಇಳಿಯುತ್ತದೆ. 2024ರಲ್ಲಿ ಅವರು ತೀರಿಕೊಂಡರು. ಇದನ್ನು ಕನ್ನಡಕ್ಕೆ ತರುವವರು ಹೆಸರಿಗಾಗಿ ಹೆಚ್ಚು ಹುಡುಕಬೇಕಾಗಿಲ್ಲ, ಈ ಲೇಖನದ ತಲೆಬರಹವನ್ನು ಸಂತೋಷವಾಗಿ ಬಿಟ್ಟುಕೊಡುತ್ತೇನೆ. ಮೂಲದ ಪ್ರತಿ ಮಾತ್ರ ಈಗ ನನ್ನ ಬಳಿ ಇಲ್ಲ. ಪ್ರಶ್ನೆ ಕೇಳಿದ ಆ ಹಿರಿಯರೇ ಓದಲು ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ.